ಹಾಜರಿ ಮಂತ್ರಿ ನೀಲವ್ವ

ಇಂದು ಬೆಳಿಗ್ಗೆ ಬೈಲಹೊಂಗಲದ ನಮ್ಮ ಓಣಿಯಲ್ಲಿ ಯಾರೋ ಹುಡುಗ ಅರಚಿಕೊಂಡದ್ದು ಕೇಳಿ, ಒಲೆಯ ಮೇಲಿನ ಚಹಾ ಬಿಟ್ಟು ಬಾಗಿಲಿಗೆ ಓಡಿದೆ. ನೋಡಿದರೆ ಯಾರಿಗೂ ಏನೂ ಆಗಿರಲಿಲ್ಲ. ಸಾಲಿಗೆ ಒಲ್ಲೆನೆಂದವನನ್ನು ನಾಲ್ಕು ಹುಡುಗರು ಕೈಗಿಬ್ಬರು, ಕಾಲಿಗಿಬ್ಬರು ಹಿಡಿದು ಜೋಳದ ಚೀಲದಂತೆ ಹೊತ್ತು ಹೊರಟಿದ್ದರು. ಹಿಂದೆ ಅವನ ಅವ್ವ ಪಾಟಿಚೀಲ ಹಿಡಿದು ನಗುತ್ತ ಬರುತ್ತಿದ್ದಳು. ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ಒಳಗೆ ಬಂದವಳು ಚಹಾ ಮರೆತು ಇದನ್ನು ಬರೆಯಲು ಕುಳಿತೆ. ಇದೇ ಕೆಲಸಕ್ಕೆಂದು ನಮ್ಮ ಸಾಲಿಯಲ್ಲಿ ಒಬ್ಬಳು ಮಂತ್ರಿ ಇದ್ದಳು. ಅವಳ ಹೆಸರು ನೀಲವ್ವ.

ನಿಮ್ಮ ಸಾಲಿಯಲ್ಲೂ ಮಂತ್ರಿಮಂಡಳ ಇತ್ತೋ ಇಲ್ಲವೋ ಕಾಣೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ಮಾತು. ಕಟಕೋಳದ ಕಡೆಗೆ ನಮ್ಮದೊಂದು ಹಳ್ಳಿ, ಅಲ್ಲಿ ಏಳನೆಯ ತರಗತಿಯವರೆಗೆ ಒಂದು ಸಾಲಿ. ಸಾಲಿ ಶುರುವಾದ ಸ್ವಲ್ಪ ದಿನಕ್ಕೆ ಹೆಡ್‌ಮಾಸ್ತರರು ಏಳನೆಯವರನ್ನೆಲ್ಲ ಬಯಲಲ್ಲಿ ನಿಲ್ಲಿಸಿ, ಬಲಗೈ ಮುಂದೆ ಚಾಚಿಸಿ ಪ್ರಮಾಣವಚನ ಹೇಳಿಸುತ್ತಿದ್ದರು. ಎದೆಗೊಂದು ಕೆಂಪು ರಿಬ್ಬನ್ನಿನ ತುಂಡು ಚುಚ್ಚಿದರೆ ಮಂತ್ರಿ ಆದಂತೆಯೇ. ನೀರಿನ ಮಂತ್ರಿ ಕೊಡ ತುಂಬಿಸಬೇಕು, ಪ್ರಾರ್ಥನೆಯ ಮಂತ್ರಿ ‘ಸಾವಧಾನ್’ ಎಂದು ಒದರಬೇಕು. ನನ್ನ ಪಾಲಿಗೆ ಆರೋಗ್ಯ ಖಾತೆ ಬಂತು. ಎದೆಯುಬ್ಬಿಸಿಕೊಂಡು ಮನೆಗೆ ಓಡಿ ಹೇಳಿದೆ.

“ಅಂದ್ರ ಏನ್ ಕೆಲಸಾ?” ಎಂದ ಅಪ್ಪ.

“ದಿನಾ ಸಾಲಿ ಕಸಾ ಹೊಡಸೂದು.”

“ಮನ್ಯಾಗ ಕಸಬರಿಗಿ ಹಿಡಿ ಅಂದ್ರ ಮಾರಿ ತಿರುವ್ತಾಳ,” ಎಂದು ಅವ್ವ ಒಳಗಿನಿಂದ ಕೂಗಿದಳು. “ಮನಿಗಿ ಮಾರಿ, ಊರಿಗಿ ಉಪಕಾರಿ!” ಮರುದಿನದಿಂದ ಇಡೀ ಸಾಲಿ ನನ್ನನ್ನು ಕಸದ ಮಂತ್ರಿ ಎಂದೇ ಕರೆಯಿತು. ನನ್ನ ರಾಜಕೀಯ ಜೀವನ ಅಷ್ಟಕ್ಕೇ ಮುಗಿಯಿತು ಅನ್ನಿ.

ಆದರೆ ನೀಲವ್ವನದು ನಿಜವಾದ ಅಧಿಕಾರ. ಅವಳು ಹಾಜರಿ ಮಂತ್ರಿ. ಪ್ರಾರ್ಥನೆ ಮುಗಿದೊಡನೆ ಯಾರು ಬಂದಿಲ್ಲವೆಂದು ನೋಡಿ, ನಾಲ್ಕು ಗಟ್ಟಿ ಹುಡುಗರನ್ನು ಕಟ್ಟಿಕೊಂಡು ಮನೆಮನೆಗೆ ಹೊರಡುವಳು. ಬರುತ್ತೇನೆಂದವರನ್ನು ನಡೆಸಿಕೊಂಡು, ಒಲ್ಲೆನೆಂದವರನ್ನು ಹೊತ್ತುಕೊಂಡು ಬರುವಳು. ಮನೆ ಕಟ್ಟುವ ಗೌಂಡಿ ಕೆಲಸದವನ ಮಗಳು, ಕಡ್ಡಿಯಂಥ ಮೈ, ಬಾಯಿ ಮಾತ್ರ ಭಾರೀ ಜೋರು. ಯಾವ ನೆವವೂ ಅವಳೆದುರು ನಡೆಯುತ್ತಿರಲಿಲ್ಲ.

“ಹೊಟ್ಟಿ ಕಡ್ಯಾಕ ಹತ್ತೈತಿ,” ಎಂದರೆ, “ಮನ್ಯಾಗೂ ಕಡೀತೈತಿ, ಸಾಲ್ಯಾಗೂ ಕಡೀತೈತಿ. ನಡಿ.”

“ಅಂಗಿ ಹಸೀ ಐತಿ,” ಎಂದರೆ, “ಮೈಮ್ಯಾಗ ಒಣಗ್ತೈತಿ. ನಡಿ.”

ಒಮ್ಮೆ ಐದನೆಯ ತರಗತಿಯ ಹುಡುಗಿಯೊಬ್ಬಳು, ಅವ್ವ ಕಳೆ ತೆಗೆಯಲು ಹೋಗಿದ್ದಾಳೆ, ಕೂಸನ್ನು ಯಾರು ನೋಡಬೇಕು ಎಂದು ಅಳತೊಡಗಿದಳು. ನೀಲವ್ವ ಆ ಕೂಸನ್ನು ತಾನೇ ಬಗಲಿಗೆ ಎತ್ತಿಕೊಂಡು, “ಇದಕ್ಕೂ ಅ ಆ ಇ ಈ ಬರಲಿ ತಗೋ,” ಎಂದು ಮುಂದೆ ನಡೆದೇಬಿಟ್ಟಳು. ಅಂದು ಕೂಸು ಸಾಲಿಯ ಕಟ್ಟೆಯ ಮೇಲೆ ಸುಖವಾಗಿ ಮಲಗಿತು. ಹೆಡ್‌ಮಾಸ್ತರರು ಕಂಡರೂ ಕಾಣದವರಂತೆ ಹೋದರು.

ಆ ವರ್ಷ ನಾಗರಪಂಚಮಿಯ ಉಂಡಿ ಕಟ್ಟುವ ಹೊತ್ತಿಗೆ ನೀಲವ್ವನ ಅವ್ವ ಗಂಡುಮಗುವನ್ನು ಹಡೆದಳು. ಹಡೆದ ವಾರದೊಳಗೆ ಜ್ವರ ಬಂದು ತೀರಿಕೊಂಡಳು. ನಾವು ಆಗ ಜೋಕಾಲಿ ಆಡುತ್ತಿದ್ದೆವು. ಸುದ್ದಿ ಬಂದಾಗ ಜೋಕಾಲಿಯ ಹಗ್ಗ ಬಿಚ್ಚಿಟ್ಟೆವು.

ಹಬ್ಬ ಕಳೆದು ಸಾಲಿ ತೆರೆಯಿತು. ನೀಲವ್ವ ಬರಲಿಲ್ಲ. ದಿನಗಳು ಕಳೆದವು. ಅವಳನ್ನು ಕರೆತರುವವರು ಯಾರು? ಕರೆತರುವ ಮಂತ್ರಿ ಅವಳೇ. ಕೊನೆಗೊಂದು ದಿನ ಮಂತ್ರಿಮಂಡಳವೆಲ್ಲ ಕೂಡಿ ಅವಳ ಮನೆಗೆ ಹೋದೆವು. ಅವಳ ಅಪ್ಪ ಮುಂಜಾನೆಯ ಬಸ್ಸಿಗೇ ಸವದತ್ತಿಗೆ ಗೌಂಡಿ ಕೆಲಸಕ್ಕೆ ಹೋಗಿದ್ದ. ಮನೆಯಲ್ಲಿ ಬೇರೆ ಹೆಣ್ಣುಜೀವ ಇರಲಿಲ್ಲ. ನೀಲವ್ವ ಅಂಗಳದಲ್ಲಿ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ನಮ್ಮನ್ನು ಕಂಡವಳೇ ಗೋಡೆಯ ಕಡೆ ಮುಖ ತಿರುಗಿಸಿದಳು.

“ಕೂಸನ್ನ ಯಾರ್ ನೋಡಬೇಕು?” ಎಂದಳು.

ನನಗೆ ಅವಳದೇ ಮಾತು ಬಾಯಿಗೆ ಬಂತು. “ಇದಕ್ಕೂ ಅ ಆ ಇ ಈ ಬರಲಿ ತಗೋ,” ಎಂದೆ. ನೀಲವ್ವ ನಗುತ್ತಲೇ ಅತ್ತುಬಿಟ್ಟಳು. ತೊಟ್ಟಿಲಿನಿಂದ ಕೂಸನ್ನೆತ್ತಿ ಅವ್ವನ ಹಳೆಯ ಸೀರೆಯಲ್ಲಿ ಸುತ್ತಿಕೊಂಡು ನಮ್ಮ ಜೊತೆ ಹೊರಟಳು.

ಆ ಕೆಲವು ದಿನಗಳನ್ನು ನೆನೆದರೆ ಈಗಲೂ ಎದೆ ತುಂಬಿ ಬರುತ್ತದೆ. ಹೆಗಲ ಮೇಲೆ ತಮ್ಮನನ್ನು ಹಾಕಿಕೊಂಡೇ ಅವಳು ಪ್ರಾರ್ಥನೆಯ ಸಾಲು ನೋಡುತ್ತಿದ್ದಳು, ಯಾರು ಬಂದಿಲ್ಲವೆಂದು ಹೇಳುತ್ತಿದ್ದಳು. ಗಣಿತದ ಅಕ್ಕೋರು ಒಂದು ಕೈಯಲ್ಲಿ ಕೂಸು, ಇನ್ನೊಂದರಲ್ಲಿ ಖಡು ಹಿಡಿದು ಬೋರ್ಡಿನ ಮೇಲೆ ಭಾಗಾಕಾರ ಬರೆಯುತ್ತಿದ್ದರು. ಆಕಳ ಹಾಲಿನ ಬಾಟಲಿ ತೊಳೆದಿಡುವುದು ನೀರಿನ ಮಂತ್ರಿಯ ಕೆಲಸವಾಯಿತು. ಕೂಸು ಅತ್ತರೆ ಇಡೀ ವರ್ಗವೇ ಜೋಗುಳ ಹಾಡಲು ಸಿದ್ಧ, ಅಷ್ಟು ಹೊತ್ತು ಲೆಕ್ಕ ತಪ್ಪುತ್ತಿತ್ತಲ್ಲ!

ಮಳೆಗಾಲದ ಗಾಳಿ, ಸಾಲಿ ತುಂಬ ಕೆಮ್ಮುವ ಮಕ್ಕಳು. ಕೂಸಿಗೂ ಕೆಮ್ಮು ಹತ್ತಿ, ಉಸಿರು ಕಟ್ಟತೊಡಗಿತು. ರಾಮದುರ್ಗದ ಡಾಕ್ಟರು, ಎಳೆಗೂಸನ್ನು ಇಷ್ಟು ಮಂದಿಯ ನಡುವೆ ಇಟ್ಟರೆ ಉಳಿಯುವುದಿಲ್ಲ ಎಂದರಂತೆ. ಮರುದಿನ ನೀಲವ್ವನ ಅಪ್ಪ ಕೆಲಸ ಬಿಟ್ಟು ಸಾಲಿಗೆ ಬಂದ. ಹೆಡ್‌ಮಾಸ್ತರರ ಮುಂದೆ ಕೈಮುಗಿದು ನಿಂತ.

“ಸರ್ರ, ಇದರ ಅವ್ವನ್ನಂತೂ ಉಳಿಸ್ಕೊಳ್ಳಾಕ ಆಗಲಿಲ್ಲ. ಇದನ್ನರ ಉಳಿಸ್ಕೋತೇನಿ. ನೀಲವ್ವನ್ನ ಬಿಟ್ಬಿಡ್ರಿ.”

“ಎಷ್ಟ ದಿನಕ್ಕಪಾ?”

“ಕೂಸು ಅಡ್ಡಾಡೂ ಮಟಾ ರಿ.”

ಹೆಡ್‌ಮಾಸ್ತರರು ಆಗಲೆಂದು ತಲೆಯಾಡಿಸಿದರು. ಯಾರನ್ನು ಬಯ್ಯುವುದು ಹೇಳಿ? ಆ ಮನುಷ್ಯನ ಕಣ್ಣು ನೋಡಿದ್ದರೆ ನೀವೂ ಬಯ್ಯುತ್ತಿರಲಿಲ್ಲ. ನೀಲವ್ವ ತಾನೇ ರಿಬ್ಬನ್ನಿನ ಪಿನ್ನು ಬಿಚ್ಚಿ ನನ್ನ ಕೈಗಿಟ್ಟಳು.

“ಕಸದ ಕೂಡ ಇದನ್ನೂ ನೋಡ್ಕೋ,” ಎಂದಳು. ಮೆಟ್ಟಿಲಿಳಿದವಳು ಮತ್ತೆ ತಿರುಗಿ ಬಂದು ನನ್ನ ಕಿವಿಯ ಹತ್ತಿರ ಹೇಳಿದಳು, “ನನ್ನ ಕರಿಯಾಕ ಮಾತ್ರ ಬರಬ್ಯಾಡ. ನೀವು ಬಂದ್ರ ನಾ ಬಂದ ಬಿಡತೇನಿ.”

ನಾವು ಹೋಗಲಿಲ್ಲ. ಕೂಸು ಬದುಕಿತು, ಅಡ್ಡಾಡಲೂ ಕಲಿಯಿತು. ಆ ಹೊತ್ತಿಗೆ ನಾವು ಏಳನೆಯದನ್ನು ಮುಗಿಸಿದ್ದೆವು. ನೀಲವ್ವನ ಕೈಗೆ ರೊಟ್ಟಿ, ನೀರು, ಅಪ್ಪನ ಬುತ್ತಿ ಎಲ್ಲ ಹತ್ತಿಕೊಂಡಿತ್ತು. ಅವಳು ಮತ್ತೆ ಸಾಲಿಗೆ ಬರಲಿಲ್ಲ.

ಎಷ್ಟೋ ವರ್ಷಗಳ ಮೇಲೆ, ನನಗೆ ಮದುವೆಯಾಗಿ ಬೈಲಹೊಂಗಲಕ್ಕೆ ಬಂದಮೇಲೆ, ಸವದತ್ತಿಯ ಬಸ್‌ಸ್ಟ್ಯಾಂಡಿನಲ್ಲಿ ಯಾರೋ ಬೆನ್ನಿಗೆ ಗುದ್ದಿದರು. “ಏನ್ರೀ ಕಸದ ಮಂತ್ರಿಗಳ, ಗುರ್ತ ಹತ್ತಲಿಲ್ಲೇನ?”

ನೀಲವ್ವ! ಅದೇ ಕಡ್ಡಿಯಂಥ ಮೈ, ತಲೆಯಲ್ಲಿ ಆಗಲೇ ಬಿಳಿಕೂದಲು. ಇಬ್ಬರೂ ಕೈಕೈ ಹಿಡಿದು ಮಂದಿಯ ನಡುವೆಯೇ ಅತ್ತೆವು. ತಮ್ಮ ಹೇಗಿದ್ದಾನೆ ಎಂದೆ.

“ಹೈಸ್ಕೂಲಿಗಿ ಹೊಂಟಾನ. ಒಂದ ದಿನಾನೂ ಸಾಲಿ ತಪ್ಪಿಸಿಲ್ಲ. ತಪ್ಪಿಸಾಕ ನಾ ಬಿಡತೇನೇನ?” ಎಂದು ನಕ್ಕಳು. ಅಷ್ಟರಲ್ಲಿ ಅವಳ ಬಸ್ಸು ಬಂತು. ಚೀಲ ಎತ್ತಿಕೊಂಡವಳು ಹೋಗದೆ ನಿಂತಳು. “ಒಂದ ಮಾತ ಕೇಳತೇನಿ, ನಗಬ್ಯಾಡ. ನಾ ಬಿಟ್ಟ ಮ್ಯಾಗ ವರ್ಗದಾಗ ಹಾಜರಿ ಹಿಡಿವಾಗ ನನ್ನ ಹೆಸರ ಕರೀತಿದ್ರೇನ?”

ಕರೆಯುತ್ತಿದ್ದರು. ಹೆಡ್‌ಮಾಸ್ತರರು ಅವಳ ಹೆಸರು ಕರೆದು ಒಂದು ಗಳಿಗೆ ತಡೆಯುತ್ತಿದ್ದರು, ನಾವು ತಲೆ ತಗ್ಗಿಸುತ್ತಿದ್ದೆವು. ದೀಪಾವಳಿ ಸೂಟಿ ಮುಗಿದ ಮೇಲೆ ಆ ಹೆಸರನ್ನು ದಾಟಿ ಮುಂದೆ ಹೋದರು. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ.

“ದೀಪಾವಳಿ ಮಟಾ ಕರದ್ರವಾ,” ಎಂದೆ.

ನೀಲವ್ವನ ಮುಖ ಅರಳಿತು. “ಅಷ್ಟ ದಿನಾ ಕರದ್ರಾ!” ಎಂದಳು. “ನಾ ಮರುದಿನಾನ ಬಿಟ್ಟಾರಂತ ತಿಳಕೊಂಡಿದ್ದೆ.”

ಬಸ್ಸು ಹೋಯಿತು. ಮತ್ತೆ ಅವಳನ್ನು ನಾನು ಕಂಡಿಲ್ಲ. ಅಷ್ಟಕ್ಕೇ ಅವಳಿಗೆ ಅಷ್ಟು ಸಂತೋಷವಾಯಿತಲ್ಲ, ಆ ಸಂಕಟ ನನಗಿನ್ನೂ ಇಳಿದಿಲ್ಲ. ಇಷ್ಟು ಬರೆಯುವ ಹೊತ್ತಿಗೆ ತಡೆಯಲಾರದೆ, “ನೀಲವ್ವಾ” ಎಂದು ಜೋರಾಗಿಯೇ ಕರೆದುಬಿಟ್ಟೆ.

“ಯಾರ ಬಂದಾರ?” ಎಂದು ನಮ್ಮವರು ಪಡಸಾಲೆಯಿಂದ ಕೇಳಿದರು.

“ಯಾರೂ ಬಂದಿಲ್ಲರಿ,” ಎಂದೆ.