ವಾಚಿನ ಅಂಚಿನ ಕೆಂಪು

“ಆ ಕೆಂಪು ನಮ್ಮಣ್ಣನ ರಕ್ತವೇ?” ವಿಡಿಯೊ ಕರೆಯಲ್ಲಿ ಪಾಕಿಸ್ತಾನದ ಅಜ್ಜಿ ಉರ್ದುವಿನಲ್ಲಿ ಕೇಳಿದಾಗ, ಕೊಕ್ಕನೂರಿನ ನಮ್ಮ ಪಡಸಾಲೆಯಲ್ಲಿ ನಾನು ವಾಚನ್ನು ಫೋನಿನ ಮುಂದೆ ಹಿಡಿದಿದ್ದೆ.

ಯುದ್ಧದಲ್ಲಿ ಸತ್ತ ಅವರಣ್ಣನ ಕೈಯಿಂದ ಅಪ್ಪ ಬಿಚ್ಚಿ ತಂದಿದ್ದ ವಾಚು ಅದು. ಹಿಂಬದಿಯಲ್ಲಿ ಕೆತ್ತಿದ್ದ ಹೆಸರು, ಊರು ಹಿಡಿದು ದುಬೈನ ನನ್ನ ಗೆಳೆಯ ಅವರ ಮನೆ ಪತ್ತೆ ಮಾಡಿದ್ದ. ಪ್ರತಿ ಆಯುಧಪೂಜೆಗೆ ಅವ್ವ ಕುಡುಗೋಲು, ಕೊಡಲಿಯ ಜೊತೆ ಅದಕ್ಕೂ ಕುಂಕುಮ ಹಚ್ಚುತ್ತಿದ್ದಳು. ಆ ಕುಂಕುಮವೇ ಅಂಚಿನಲ್ಲಿ ಗಟ್ಟಿಯಾಗಿ ಕೂತಿತ್ತು.

ಸೈನ್ಯದಲ್ಲಿ ಹಿಂದಿ ಕಲಿತಿದ್ದ ಅಪ್ಪ ಅವರತ್ತ ನೋಡದೆ, ಕನ್ನಡದಲ್ಲಿ ನನಗೆ ಹೇಳಿದರು: “ಅದು ಕುಂಕುಮ ಅನ್ನಪ್ಪ. ರಕ್ತ ನಾನು ಅವತ್ತೇ ತೊಳ್ದಿದ್ದೆ.”

ದಾವಣಗೆರೆಯ ಅಂಗಡಿಯಲ್ಲಿ ಕಲಿತ ನನ್ನ ಉರ್ದುವಿನಲ್ಲಿ ಮೊದಲ ಮಾತನ್ನಷ್ಟೇ ದಾಟಿಸಿದೆ. ಕಳೆದ ತಿಂಗಳು ಗೆಳೆಯನ ಮೂಲಕ ವಾಚು ಅವರ ಮನೆ ಸೇರಿತು. ಎರಡನೇ ಮಾತು ನಮ್ಮ ಮನೆಯಲ್ಲೇ ಉಳಿದಿದೆ.