ತತ್ತಿ ತಿಂತೀರೇನ್ರಿ?

ನಮ್ಮ ಹಾಸ್ಟೆಲಿನಲ್ಲಿ ಜಾತಿ ಕೇಳುವಂತಿರಲಿಲ್ಲ. ಅದಕ್ಕೇ ತತ್ತಿ ಕೇಳುತ್ತಿದ್ದರು.

ಕೋಣೆ ಹಂಚುವ ಗುಮಾಸ್ತರು ಜೇವರ್ಗಿ ಕಡೆಯವರು, ಬೆಣ್ಣೆಯಂಥ ಮಾತು. ನಾನು ಎಂ.ಎ.ಗೆ ಸೇರಿದ ದಿನ ಎದುರಿಗೆ ನಿಲ್ಲಿಸಿಕೊಂಡು, "ತತ್ತಿ ತಿಂತೀರೇನ್ರಿ?" ಎಂದರು. "ಇಲ್ರಿ" ಎಂದೆ. ಅದು ನಿಜ. ಚಿಕ್ಕಂದಿನಿಂದಲೂ ಮೊಟ್ಟೆಯ ವಾಸನೆ ಬಂದರೆ ಸಾಕು, ನಾನು ಎದ್ದು ಹೊರಗೆ ಹೋಗುತ್ತೇನೆ. ಭೂಸನೂರಿನಲ್ಲಿ ಅವ್ವ ಬಂದವರ ಮುಂದೆಲ್ಲ ನನ್ನನ್ನು ಆಡಿಕೊಳ್ಳುತ್ತಿದ್ದಳು: "ನಮ್ಮಂಥವರ ಮನ್ಯಾಗ ಹುಟ್ಟಿ ತತ್ತಿಗೆ ಮೂಗು ಮುರೀತಾಳ ನೋಡ್ರಿ, ಮಹಾರಾಣಿ!" ನಾವು ಬೌದ್ಧರು, ಮನೆಯಲ್ಲಿ ಉಳಿದವರೆಲ್ಲ ಎಲ್ಲವನ್ನೂ ತಿನ್ನುತ್ತಾರೆ. ಊರ ಹೆಸರೇ ನಮ್ಮ ಅಡ್ಡಹೆಸರು, ಅದರಿಂದ ಯಾರಿಗೂ ಏನೂ ತಿಳಿಯುವುದಿಲ್ಲ. ಗುಮಾಸ್ತರು ಮುಖ ಅರಳಿಸಿ, "ಹಂಗಾದ್ರ ಮ್ಯಾಲ ಹೋಗ್ರಿ" ಎಂದು ಕೀಲಿ ಕೊಟ್ಟರು.

ಮೇಲಿನ ಮಹಡಿ ಯಾರದು, ಕೆಳಗಿನದು ಯಾರದು ಎಂಬುದು ಸ್ವಲ್ಪ ದಿನಗಳಲ್ಲೇ ಅರ್ಥವಾಯಿತು. ಕೆಳಗೆ ನಮ್ಮವರು, ದಲಿತರ ಹುಡುಗಿಯರು ಇದ್ದರು. ಮೇಲೆ ಹೆಚ್ಚಿನವರು ಲಿಂಗಾಯತರ ಹುಡುಗಿಯರು. ನನ್ನ ಕೋಣೆಯವಳು ಅಫಜಲಪುರ ತಾಲೂಕಿನ ಮಣ್ಣೂರಿನವಳು. ಬೆಳಿಗ್ಗೆ ಲಿಂಗಪೂಜೆ ಮುಗಿಸಿ, ಅದೇ ಬೆರಳಿನಿಂದ ನನ್ನ ಹಣೆಗೂ ವಿಭೂತಿ ಹಚ್ಚುತ್ತಿದ್ದಳು. ಊರಿಂದ ರೊಟ್ಟಿ, ಶೇಂಗಾ ಹಿಂಡಿ ಬಂದರೆ ಇಬ್ಬರದೂ ಒಂದೇ ತಾಟು. ನನಗೆ ಜ್ವರ ಬಂದಾಗ ತೊಡೆಯ ಮೇಲೆ ತಲೆ ಇಟ್ಟುಕೊಂಡು ಹಣೆ ಒತ್ತಿದಳು. "ಕೆಳಗಿನವರ ಬಕೀಟು ಮುಟ್ಟಬ್ಯಾಡ ಬೇ, ಎಂಥೆಂಥವರು ಇರ್ತಾರ" ಎಂದದ್ದೂ ಅಷ್ಟೇ ಅಕ್ಕರೆಯಿಂದ.

ನನಗೆ ಹೆದರಿಕೆ ಹತ್ತಿದ್ದು ಆಗಿನಿಂದ. ಆ ಕೋಣೆಯಲ್ಲಿ ನಾವು ಇಬ್ಬರಲ್ಲ, ಮೂವರು ಅನಿಸತೊಡಗಿತು. ಮೂರನೆಯವಳು ಗುಮಾಸ್ತರು ಮೇಲೆ ಕಳಿಸಿದ ಹುಡುಗಿ. ಮುಖ ನನ್ನದೇ, ಹೆಸರೂ ನನ್ನದೇ. ಗೆಳತಿ ನಗುತ್ತಿದ್ದುದು, ಗುಟ್ಟು ಹೇಳುತ್ತಿದ್ದುದು ಅವಳ ಜೊತೆ. ಕನ್ನಡಿಯಲ್ಲಿ ಹಣೆಯ ವಿಭೂತಿ ಕಂಡರೆ ಬೇರೆ ಕಡೆ ತಿರುಗುತ್ತಿದ್ದೆ. ಇವತ್ತಿಗೂ ಯಾರಾದರೂ "ನೀವು ವೆಜ್ಜೇನ್ರಿ?" ಎಂದು ಕೇಳಿದರೆ ಅವಳು ಬೆನ್ನ ಹಿಂದೆ ಬಂದು ನಿಂತಂತಾಗುತ್ತದೆ. ಆಗ ಗೆಳತಿಗೆ ನಿಜ ಹೇಳಿಬಿಡಬೇಕೆಂದು ದಿನಾ ಬಾಯಿ ತೆರೆಯುತ್ತಿದ್ದೆ. ಆದರೆ ಅಂಥ ಗೆಳತಿ ನನಗೆ ಮೊದಲು ಸಿಕ್ಕಿರಲಿಲ್ಲ. ಅವಳು ಹೋಗಿಬಿಟ್ಟರೆ ಎಂಬ ಅಂಜಿಕೆಗೆ ಬಾಯಿ ತಾನಾಗಿ ಮುಚ್ಚಿಕೊಳ್ಳುತ್ತಿತ್ತು.

ಸುಗ್ಗಿಯ ದಿನಗಳಲ್ಲಿ ಅಪ್ಪ ಒಂದು ಚೀಲ ಕಬ್ಬು, ಬೆಲ್ಲ ಹೊತ್ತು ಬಂದರು. ಗೇಟಿನ ತನಕ ಗೆಳತಿಯೂ ಬಂದಳು. ಚೀಲದ ಒಂದು ಬದಿ ಅವಳೇ ಹಿಡಿದಳು. ಅಪ್ಪ ಹೊರಡುವಾಗ ಅವಳು ಕೈ ಜೋಡಿಸಿ, "ಶರಣ್ರಿ ಕಾಕಾ" ಎಂದಳು. ಅಪ್ಪ ಎಂದಿನ ಹಾಗೆ ತುಂಬು ದನಿಯಲ್ಲಿ, "ಜೈ ಭೀಮ್ ಮಗಳ, ಆರಾಮ ಇರ್ರಿ" ಎಂದು ಬಸ್ ಹತ್ತಿದರು.

ಅವಳು ಜೋಡಿಸಿದ ಕೈ ಬಿಡಿಸುವುದನ್ನೇ ಮರೆತು ನಿಂತಿದ್ದಳು. ಆ ಬೆಲ್ಲವನ್ನು ಅವಳು ಮುಟ್ಟಲಿಲ್ಲ.

ಎರಡು ದಿನ ಬಿಟ್ಟು ಗುಮಾಸ್ತರು ಕರೆಸಿದರು. "ನಿಮ್ಮ ರೂಮಿನಾಕಿ ಬಂದಿದ್ಲು. ನೀವು ತತ್ತಿ ತಿಂತೀರಂತಲ್ರಿ" ಎಂದರು.

"ನಾ ತಿನ್ನಂಗಿಲ್ರಿ. ಮುಟ್ಟಂಗೂ ಇಲ್ಲ."

"ಅಯ್ಯ, ತಿಂದ್ರ ತಪ್ಪೇನದವ್ವ? ಕೆಳಗ ಆರಾಮ ಇರ್ತೀರಿ, ಹೋಗ್ರಿ" ಎಂದು ಕೀಲಿಗೆ ಕೈ ಚಾಚಿದರು.

ಸಿಟ್ಟು ನೆತ್ತಿಗೇರಿತು. ಜಾತಿಯ ಹೆಸರು ಯಾರೂ ಎತ್ತಿರಲಿಲ್ಲ. ಜಗಳ ಆಡಲು ನನ್ನ ಕೈಗೆ ಒಂದು ತತ್ತಿ ಬಿಟ್ಟು ಬೇರೇನೂ ಸಿಗಲಿಲ್ಲ.

ಟ್ರಂಕು ಕಟ್ಟಲು ಕೋಣೆಗೆ ಹೋದಾಗ ಗೆಳತಿ ಮಂಚದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಅದು ನಾಟಕವಲ್ಲ, ಅವಳ ಅಳು ನನಗೆ ಗೊತ್ತು. ಪಕ್ಕದ ಕೋಣೆಗಳ ಹುಡುಗಿಯರು ಸುತ್ತ ಕೂತು ಬೆನ್ನು ಸವರುತ್ತಿದ್ದರು. ನನ್ನ ಕಡೆ ಯಾರೂ ತಿರುಗಲಿಲ್ಲ. ಟ್ರಂಕು ಎತ್ತಿಕೊಂಡು ಬಾಗಿಲಿಗೆ ಬಂದಾಗ ಅವಳು ಅವರಿಗೆ ಹೇಳಿದಳು:

"ಎಷ್ಟ ಛೊಲೊ ಇದ್ದಳ್ರೇ ಆಕಿ."

ತೀರಿಹೋದವರ ಬಗ್ಗೆ ನಮ್ಮ ಕಡೆ ಹೀಗೇ ಹೇಳಿ ಅಳುತ್ತಾರೆ. ನಾನಿನ್ನೂ ಬಾಗಿಲಲ್ಲೇ ನಿಂತಿದ್ದೆ.