ಕಸದ ಬುಟ್ಟಿ ಓದಿದವರು

ಅವರ ಬೆರಳ ತುದಿಗಳಲ್ಲಿ ಗೆರೆಗಳೇ ಇರಲಿಲ್ಲ. ನಲವತ್ತು ವರ್ಷ ಬಿಸಿನೀರಿಗೆ ಕೈಯಿಟ್ಟು ರೇಷ್ಮೆಗೂಡಿನಿಂದ ಎಳೆ ತೆಗೆದೂ ತೆಗೆದೂ ಹತ್ತು ಬೆರಳೂ ಸವೆದ ಸೋಪಿನ ಬಿಲ್ಲೆಯಂತೆ ನುಣ್ಣಗಾಗಿದ್ದವು. ರೇಷನ್ ಅಂಗಡಿಯ ಮೆಷೀನು ಅವರ ಹೆಬ್ಬೆರಳನ್ನು ಒಪ್ಪುತ್ತಿರಲಿಲ್ಲ. ಒಂದೊಂದೇ ಬೆರಳನ್ನು ಸೆರಗಿಗೆ ಒರೆಸಿ ಒತ್ತುತ್ತಾ, ಹಿಂದೆ ಸಾಲಿನಲ್ಲಿ ನಿಂತವರಿಗೆ “ತಡೀರಿ, ಇನ್ನೂ ಆರು ಬೆರಳು ಅವೆ” ಎಂದು ಹೇಳಿ ನಗಿಸುತ್ತಿದ್ದರು.

ಕೊಳ್ಳೇಗಾಲದಲ್ಲಿ ನಾನು ಬಾಡಿಗೆಗಿದ್ದ ಒಂಟಿ ಕೋಣೆಯ ಒಡತಿ ಅವರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಬೀದಿಗೆಲ್ಲ ಅವರು ಓನರಮ್ಮ. ಬೆನ್ನ ಹಿಂದೆ ಜಿಪುಣಿ ಎನ್ನುವವರೂ ಇದ್ದರು. ಹಾಲಿನ ಪ್ಯಾಕೆಟ್ಟನ್ನು ಕತ್ತರಿಸಿ, ನೀರು ಹಾಕಿ ತೊಳೆದು, ಆ ನೀರನ್ನೂ ಕಾಫಿ ಪಾತ್ರೆಗೆ ಸುರಿಯುವುದನ್ನು ನೋಡಿ ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ.

ನನ್ನ ಊರು ಗೋಪಿನಾಥಂ. ಅಲ್ಲಿಂದ ಬಂದು ಮಧುವನಹಳ್ಳಿ ಕಡೆಯ ಒಂದು ಶಾಲೆಯಲ್ಲಿ ಅತಿಥಿ ಶಿಕ್ಷಕಿಯಾಗಿ ಸೇರಿದ್ದೆ. ಅತಿಥಿ ಶಿಕ್ಷಕರ ಸಂಬಳ ತಿಂಗಳಿಗೆ ತಿಂಗಳು ಬರುವುದಿಲ್ಲ, ಬಂದಾಗ ಒಟ್ಟಿಗೆ ಬರುತ್ತದೆ. ಮೊದಲ ಸಲ ಮೂರು ತಿಂಗಳದ್ದು ಒಟ್ಟಿಗೆ ಕೈಗೆ ಸಿಕ್ಕಾಗ ನಾನು ರಾಣಿಯಾಗಿಬಿಟ್ಟೆ. ಬೆಳಿಗ್ಗೆ ಆಟೋ, ಸಂಜೆ ಹೋಟೆಲ್ಲಿನ ಪಾರ್ಸೆಲ್ಲು, ಮಲಗುವ ಮುಂಚೆ ಮೊಬೈಲಿನಲ್ಲಿ ಬಟ್ಟೆ ನೋಡುವುದು, ನೋಡಿದ್ದನ್ನು ತರಿಸುವುದು. ಒಂದೂವರೆ ತಿಂಗಳಿಗೆಲ್ಲ ಪರ್ಸು ಬರಿದಾಯಿತು. ಮುಂದಿನ ಸಂಬಳದ ಸುದ್ದಿಯೇ ಇರಲಿಲ್ಲ.

ಅಮ್ಮನ ಹತ್ತಿರ ದುಡ್ಡು ಕೇಳಿದೆ. ಊರಿಂದ ಅಪ್ಪ ಫೋನು ಮಾಡಿದರು. “ನಿನ್ನ ಸಂಬ್ಳ ನಿನ್ನ ಒಟ್ಟೆಗೇ ಸಾಲಲ್ಲ ಅಂದ್ರೆ ಅಲ್ಲಿರೋದ್ಯಾಕಮ್ಮ? ಬಂದ್ಬುಡು. ಗಂಡು ನೋಡಿವ್ನಿ.”

ಮಾರನೆಯ ಭಾನುವಾರ ಓನರಮ್ಮನ ಮುಂದೆ ನಿಂತು, “ಕೋಣೆ ಖಾಲಿ ಮಾಡ್ತೀನಿ ಅಮ್ಮಾ” ಎಂದೆ. ಹೇಳುವಾಗಲೇ ಅಳು ಬಂತು. ಅವರು ಸಮಾಧಾನ ಹೇಳಲಿಲ್ಲ. “ಅಳು ಆಮೇಕಿರ್ಲಿ. ನಿನ್ನ ಕಸದ ಬುಟ್ಟಿ ತಕಬಾ” ಎಂದರು.

ಜಗುಲಿಯ ಮೇಲೆ ಹಳೇ ಪೇಪರು ಹಾಸಿ, ಬುಟ್ಟಿಯನ್ನು ಅದರ ಮೇಲೆ ಬೋರಲು ಹಾಕಿಸಿದರು. ನನಗೆ ನಾಚಿಕೆಯಿಂದ ಸತ್ತಂತಾಯಿತು. ಅವರು ಕನ್ನಡಕ ಏರಿಸಿಕೊಂಡು, ಕಾಗದಪತ್ರ ಓದುವವರ ಹಾಗೆ ಒಂದೊಂದನ್ನೇ ಎತ್ತಿ ನೋಡಿದರು. ಕೊಳೆತ ಅರ್ಧ ಕಟ್ಟು ಕೊತ್ತಂಬರಿ. ದಪ್ಪಗೆ ಹೆರೆದ ಹೀರೇಕಾಯಿ ಸಿಪ್ಪೆ. ಕಚ್ಚಿ ಬಿಟ್ಟ ಬನ್ನು. ಮೂರು ಪಾರ್ಸೆಲ್ ಡಬ್ಬಿ, ಒಂದರಲ್ಲಿ ಅನ್ನ ಹಾಗೇ ಇತ್ತು.

“ಇದು ಕಸ ಅಲ್ಲ ಕಣ್ ಟೀಚ್ರವ್ವ, ನಿನ್ನ ಸಂಬ್ಳ” ಎಂದರು. ಆಮೇಲೆ ಜೋರಾಗಿ ನಕ್ಕರು. ಅಳುತ್ತಿದ್ದ ನನಗೂ ನಗು ತಡೆಯಲಾಗಲಿಲ್ಲ.

ಬಾಡಿಗೆ ಸಂಬಳ ಬಂದ ಮೇಲೆ ಕೊಟ್ಟರಾಯಿತು ಎಂದರು. ಅಂದಿನಿಂದ ನನಗೆ ಪಾಠ ಶುರುವಾಯಿತು. ಹೀರೇಕಾಯಿ ಸಿಪ್ಪೆ ಹುರಿದು ಚಟ್ನಿ ಅರೆದೆವು. ಕೊತ್ತಂಬರಿಯನ್ನು ಬೇರಿನ ಸಮೇತ ಲೋಟದ ನೀರಿನಲ್ಲಿ ನಿಲ್ಲಿಸಿದರೆ ವಾರವಾದರೂ ಬಾಡುವುದಿಲ್ಲವೆಂದು ಕಂಡೆ. ಹೆಂಗಸರಿಗೆ ಬಸ್ಸು ಉಚಿತವಾಗಿದ್ದರೂ ನಾನು ತಡವಾಗಿ ಎದ್ದು ಆಟೋ ಹಿಡಿಯುತ್ತಿದ್ದೆ. ಈಗ ಓನರಮ್ಮನೇ ಬೆಳಿಗ್ಗೆ ಬಾಗಿಲು ಬಡಿದು, “ಎದ್ದೇಳವ್ವ, ಬಸ್ಸು ನಿನ್ನ ದಾರಿ ಕಾಯಲ್ಲ” ಎನ್ನುತ್ತಿದ್ದರು. ಅಕ್ಕಿ ಒಂದು ಕುದಿ ಬಂದು ಸ್ವಲ್ಪ ಹೊತ್ತಾದ ಮೇಲೆ ಗ್ಯಾಸು ಆರಿಸಿ, ಪಾತ್ರೆಯನ್ನು ಹಳೇ ಕಂಬಳಿಯಲ್ಲಿ ಸುತ್ತಿ ಬಿದಿರ ಬುಟ್ಟಿಯೊಳಗೆ ಇಡಿಸುತ್ತಿದ್ದರು. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅನ್ನ ಬಿಡಿಬಿಡಿಯಾಗಿ ಬೆಂದಿರುತ್ತಿತ್ತು.

“ಅಸ್ಕಂಡು ಅಂಗ್ಡಿಗೋಗ್ಬ್ಯಾಡ. ಒಟ್ಟೆ ತುಂಬಿದ್ರೆ ಕಣ್ಣು ಸುಮ್ಕಿರ್ತದ” ಎನ್ನುತ್ತಿದ್ದರು. ಮೊಬೈಲಿನಲ್ಲಿ ಬಟ್ಟೆ ಇಷ್ಟವಾದರೆ ಅದರ ಹೆಸರನ್ನು ಕ್ಯಾಲೆಂಡರಿನ ಮೇಲೆ ಬರೆದು ಎಂಟು ದಿನ ಬಿಡಬೇಕು. ಎಂಟನೆಯ ದಿನವೂ ಬೇಕೆನಿಸಿದರೆ ಮಾತ್ರ ತರಿಸಬೇಕು. ನಾನು ಬರೆದ ಹದಿನಾಲ್ಕರಲ್ಲಿ ಒಂದೇ ಒಂದು ಚೂಡಿದಾರ ಉಳಿಯಿತು. ಅದು ಬಂದ ದಿನ ಓನರಮ್ಮನೇ ತುಪ್ಪ ಹಾಕಿ ಕೇಸರಿಬಾತು ಮಾಡಿದರು. ತುಪ್ಪಕ್ಕೆ ಅವರು ಕೈ ಬಿಗಿ ಹಿಡಿದದ್ದನ್ನು ನಾನು ನೋಡಲೇ ಇಲ್ಲ.

ಎರಡನೆಯ ಸಲ ಸಂಬಳ ಬಂದಾಗ ಅರ್ಧ ಬ್ಯಾಂಕಿನಲ್ಲೇ ಉಳಿಯಿತು. ಅಪ್ಪನಿಗೆ ಫೋನು ಮಾಡಿ, “ಬರಲ್ಲಪ್ಪ. ಕಾಯಂ ಕೆಲಸದ ಪರೀಕ್ಷೆಗೆ ಕಟ್ತೀನಿ” ಎಂದೆ. ಅವರು ಫೋನಿಟ್ಟುಬಿಟ್ಟರು.

ಇಷ್ಟೆಲ್ಲ ಉಳಿಸಿ ಓನರಮ್ಮ ಏನು ಮಾಡುತ್ತಾರೆ ಎಂಬುದು ಬೀದಿಗೇ ಕುತೂಹಲ. ಒಂದು ದಿನ ಶಾಲೆಯಿಂದ ಬಂದರೆ ಮನೆ ಮುಂದೆ ಜನ. ನಡುವೆ ಹೊಚ್ಚ ಹೊಸ, ತಿಳಿನೀಲಿ ಬಣ್ಣದ ಬ್ಯಾಟರಿ ಸ್ಕೂಟರು! ಅರವತ್ತೆರಡು ವರ್ಷದ ಓನರಮ್ಮ ಅದರ ಮೇಲೆ ಕೂತಿದ್ದರು.

“ಪೆಟ್ರೋಲ್ ಆಕಂಗಿಲ್ಲ, ಲೈಸನ್ಸ್ ಕೇಳಂಗಿಲ್ಲ” ಎಂದರು.

“ಈ ವಯಸ್ಸಲ್ಲಿ ಯಾಕಮ್ಮ?” ಎಂದೆ.

“ನಲ್ವತ್ತು ವರ್ಸ ಕುಂತ ಜಾಗ್ದಲ್ಲೇ ನೂಲಿನ ಚಕ್ರ ತಿರುಗ್ಸಿವ್ನಿ. ಒಂದು ಗೇಣೂ ಮುಂದಕ್ಕೋಗ್ಲಿಲ್ಲ. ತಿರುಗ್ಸುದ್ರೆ ಮುಂದಕ್ಕೋಗೋ ಚಕ್ರ ಬೇಕಾಗಿತ್ತು ಕಣವ್ವ ನಂಗೆ.”

ನಾನು ಊರಲ್ಲಿ ಅಪ್ಪನ ಮೊಪೆಡ್ ಓಡಿಸಿದವಳು. ಈಗ ಪಾಠ ಹೇಳುವ ಸರದಿ ನನ್ನದಾಯಿತು. ಹತ್ತು ದಿನ ಸಂಜೆ ಮೈದಾನದಲ್ಲಿ ಸೀಟು ಹಿಡಿದುಕೊಂಡು ಹಿಂದೆ ಹಿಂದೆ ಓಡಿದೆ. ಎರಡು ಸಲ ಬೇಲಿಗೆ ನುಗ್ಗಿದರು. ಒಂದು ಸಲ ಹಾರನ್ನಿಗೆ ಹೆದರಿದ ಎಮ್ಮೆಯ ಬಳಿ ಗಾಡಿ ನಿಲ್ಲಿಸಿ ಕ್ಷಮೆ ಕೇಳಿದರು. ಹನ್ನೊಂದನೆಯ ದಿನ ನನ್ನನ್ನು ಹಿಂದೆ ಕೂರಿಸಿಕೊಂಡು ಯಳಂದೂರಿನ ತಂಗಿ ಮನೆಗೆ ಹೊರಟೇಬಿಟ್ಟರು. ಗಾಡಿ ಇಪ್ಪತ್ತೈದರ ಮೇಲೆ ಓಡುತ್ತಿರಲಿಲ್ಲ. ಕಬ್ಬು ತುಂಬಿದ ಟ್ರ್ಯಾಕ್ಟರೂ ನಮ್ಮನ್ನು ಹಿಂದೆ ಹಾಕಿತು. ಎರಡೂ ಕಡೆ ಗದ್ದೆಯ ಗಾಳಿ. “ಯಾರೂ ಕರ್ಕಂಡೋಗ್ತಾ ಇಲ್ಲ ನನ್ನ, ನಾನೇ ಓಯ್ತಾವ್ನಿ!” ಎಂದು ದಾರಿಯುದ್ದಕ್ಕೂ ಕೂಗಿದರು. ಬಾಗಿಲಲ್ಲಿ ನಿಂತಿದ್ದ ತಂಗಿ ಹೆಲ್ಮೆಟ್ಟಿನೊಳಗಿದ್ದ ಅಕ್ಕನ ಗುರುತು ಹತ್ತದೆ ನನ್ನನ್ನು, “ಯಾರ ಮನೆ ಬೇಕಾಗಿತ್ತು?” ಎಂದು ಕೇಳಿದರು.

ಎರಡು ವರ್ಷದ ಮೇಲೆ ನನಗೆ ಕಾಯಂ ಕೆಲಸವಾಯಿತು, ಹನೂರಿನ ಹತ್ತಿರ. ಕೋಣೆ ಬಿಡುವ ದಿನ ಓನರಮ್ಮ ನಾನು ಕೊಟ್ಟಿದ್ದ ಅಡ್ವಾನ್ಸನ್ನು ಪೂರ್ತಿ ಕೈಗಿಟ್ಟರು. ಸುಣ್ಣಬಣ್ಣಕ್ಕೆಂದು ಮುರಿದುಕೊಳ್ಳಲಿಲ್ಲ.

“ಇದ್ನ ಮಾತ್ರ ಉಳುಸ್ಬ್ಯಾಡ. ಕುಸಿಯಾಗಿ ಕರ್ಚ್ ಮಾಡು” ಎಂದರು.

ಆ ದುಡ್ಡಿನಲ್ಲಿ ನಾನು ಹನೂರಿನ ಮನೆಗೆ ಒಂದು ದೊಡ್ಡ ಮಂಚ, ಹಾಸಿಗೆ ಕೊಂಡು ಅಪ್ಪ ಅಮ್ಮನನ್ನು ಕರೆಸಿದೆ. ಒಂದು ದಿನಕ್ಕೆಂದು ಬಂದವರು ಅವರು. ಮಾರನೆಯ ಬೆಳಿಗ್ಗೆ ಅಪ್ಪ ಕಾಫಿ ಕುಡಿಯುತ್ತಾ, ನನ್ನ ಮುಖ ನೋಡದೆ, ಮೆಲ್ಲಗೆ ಕೇಳಿದರು. “ಇನ್ನೆರಡು ದಿನ ಇದ್ಬುಟ್ಟು ಓಗ್ಲಾಮ್ಮ?”

ಒಳಗೆ ಹೋಗಿ ಓನರಮ್ಮನಿಗೆ ಫೋನು ಮಾಡಿದೆ. ನಡೆದದ್ದನ್ನು ಹೇಳಿ, “ನಿಮ್ಮ ಈ ಋಣ ಹೆಂಗೆ ತೀರಿಸ್ಲಿ?” ಎನ್ನುತ್ತಾ ಅತ್ತುಬಿಟ್ಟೆ.

“ಫೋನಲ್ಲಿ ಅಳ್ತಾ ನಿಂತ್ಕಬ್ಯಾಡ. ಓಗು, ನಿಮ್ಮಪ್ಪಂಗೆ ಏನ್ ಇಷ್ಟ ಕೇಳಿ ಅಡ್ಗೆ ಮಾಡು” ಎಂದರು.